ಕಾಲಕೆಳಗಿನ ಶಿಲೆ, ಚಲಿಸುವ ಫಲಕ: ಕರ್ನಾಟಕದ ನೆಲದಿಂದ ನೋಡಿದ ಭೂವಿಜ್ಞಾನ (ಪದೇ ಪದೇ ಕೇಳುವ ಪ್ರಶ್ನೆಗಳು)

ಭೂವಿಜ್ಞಾನದ ಪಾಠಗಳಲ್ಲಿ ಉದಾಹರಣೆಗಳು ಹೆಚ್ಚಾಗಿ ಹಿಮಾಲಯದಿಂದಲೋ ಐಸ್‌ಲ್ಯಾಂಡಿನಿಂದಲೋ ಬರುತ್ತವೆ. ಹೀಗಾಗಿ ಭೂಮಿಯ ದೊಡ್ಡ ಘಟನೆಗಳೆಲ್ಲ ಬೇರೆಲ್ಲೋ ನಡೆದವು, ನಮ್ಮ ನೆಲ ಬರಿದೆ ಗಟ್ಟಿ ಬಂಡೆ ಎಂಬ ಭಾವನೆ ಇಲ್ಲಿನ ಓದುಗರಲ್ಲಿ ಬೇರೂರಿದೆ. ಕರ್ನಾಟಕದ ಬಂಡೆಗಳು ಈಗ ಶಾಂತವಾಗಿರುವುದು ನಿಜ. ಆದರೆ ಭೂಮಿಯ ವಯಸ್ಸಿನ ಮೂರನೇ ಎರಡು ಭಾಗದಷ್ಟು ಕಾಲದ ದಾಖಲೆ ಅವುಗಳಲ್ಲಿದೆ. ಕೆಳಗಿನ ಪ್ರಶ್ನೆಗಳಿಗೆ ಸಾಧ್ಯವಾದಲ್ಲೆಲ್ಲ ಆ ಬಂಡೆಗಳನ್ನೇ ಮುಂದಿಟ್ಟುಕೊಂಡು ಉತ್ತರಿಸಲಾಗಿದೆ.

ನಾವು ಕರಗಿದ ಲಾವಾರಸದ ಮೇಲೆ ತೇಲುತ್ತಿದ್ದೇವೆಯೇ?

ಇಲ್ಲ. ಇದು ಅತ್ಯಂತ ವ್ಯಾಪಕವಾಗಿರುವ ತಪ್ಪು ಕಲ್ಪನೆ. ಭೂಮಿಯ ತ್ರಿಜ್ಯ ಸುಮಾರು 6,371 ಕಿ.ಮೀ. ಅದರಲ್ಲಿ ನಾವು ನಿಂತಿರುವ ಭೂಕವಚದ ದಪ್ಪ ಖಂಡಗಳ ಕೆಳಗೆ ಸರಾಸರಿ 35ರಿಂದ 40 ಕಿ.ಮೀ., ಸಾಗರಗಳ ಕೆಳಗೆ ಕೇವಲ 6–7 ಕಿ.ಮೀ. ಅದರಡಿ ಸುಮಾರು 2,900 ಕಿ.ಮೀ. ಆಳದವರೆಗೆ ಹಬ್ಬಿರುವ ಮ್ಯಾಂಟಲ್ ಬಹುತೇಕ ಘನಶಿಲೆಯೇ. ಅದು ವಿಪರೀತ ಬಿಸಿಯಾಗಿದೆಯಾದರೂ ಮೇಲಿನ ಒತ್ತಡದಿಂದಾಗಿ ಕರಗದೆ ಉಳಿದಿದೆ, ಮತ್ತು ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನೋಡಿದರೆ ಘನರೂಪದಲ್ಲಿದ್ದುಕೊಂಡೇ ನಿಧಾನವಾಗಿ ಹರಿಯುತ್ತದೆ. ನಿಜವಾಗಿ ದ್ರವರೂಪದಲ್ಲಿರುವುದು ಅದಕ್ಕೂ ಕೆಳಗಿನ ಹೊರಕೇಂದ್ರ. ಅಲ್ಲಿರುವುದು ಲಾವಾರಸವಲ್ಲ, ಕರಗಿದ ಕಬ್ಬಿಣ ಮತ್ತು ನಿಕ್ಕಲ್.

ಇದನ್ನೆಲ್ಲ ಯಾರೂ ಇಳಿದು ನೋಡಿಲ್ಲ. ರಷ್ಯಾದ ಕೋಲಾದಲ್ಲಿ ಕೊರೆದ ಅತಿ ಆಳದ ರಂಧ್ರ 12,262 ಮೀಟರ್‌ಗೆ ನಿಂತಿತು. ನಮ್ಮ ಕೋಲಾರದ ಚಿನ್ನದ ಗಣಿಗಳು 3 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ಹೋಗಿದ್ದವು. ಒಳಗಿನ ಚಿತ್ರ ದೊರಕಿದ್ದು ಭೂಕಂಪದ ಅಲೆಗಳಿಂದ. ಅಡ್ಡಡ್ಡಲಾಗಿ ಕಂಪಿಸುವ ಒಂದು ಬಗೆಯ ಅಲೆ ದ್ರವದಲ್ಲಿ ಸಾಗಲಾರದು. ಅದು ಮ್ಯಾಂಟಲ್ಲನ್ನು ಹಾದುಹೋಗುತ್ತದೆ, ಹೊರಕೇಂದ್ರವನ್ನು ಹಾದುಹೋಗುವುದಿಲ್ಲ.

ಭೂಫಲಕವೂ ಭೂಖಂಡವೂ ಒಂದೇ ಅಲ್ಲವೇ?

ಅಲ್ಲ. ಭೂಕವಚ ಮತ್ತು ಅದಕ್ಕೆ ಅಂಟಿಕೊಂಡಿರುವ ಮ್ಯಾಂಟಲಿನ ಮೇಲ್ಭಾಗ ಸೇರಿ ಸುಮಾರು 100 ಕಿ.ಮೀ. ದಪ್ಪದ ಬಿಗಿಯಾದ ಹೊರಪದರವಾಗುತ್ತದೆ. ಈ ಪದರ ಏಳು ದೊಡ್ಡ ಹಾಗೂ ಹಲವು ಸಣ್ಣ ತುಂಡುಗಳಾಗಿ ಒಡೆದಿದ್ದು, ಒಂದೊಂದು ತುಂಡೂ ಒಂದು ಫಲಕ. ಫಲಕದ ಮೇಲೆ ಖಂಡವೂ ಇರಬಹುದು, ಸಾಗರತಳವೂ ಇರಬಹುದು. ಮಂಗಳೂರು, ಕಾರವಾರಗಳ ಕಡಲತೀರವನ್ನು ಭಾರತ ಫಲಕದ ಅಂಚು ಎಂದು ತಿಳಿಯುವವರಿದ್ದಾರೆ. ಆ ಅಂಚು ಇರುವುದು ಅರಬ್ಬಿ ಸಮುದ್ರದ ಆಚೆ, ಕಾರ್ಲ್ಸ್‌ಬರ್ಗ್ ಸಾಗರದಿಬ್ಬದ ಬಳಿ. ಅಲ್ಲಿಯವರೆಗಿನ ಸಮುದ್ರತಳವೆಲ್ಲ ನಮ್ಮ ಫಲಕಕ್ಕೇ ಸೇರಿದ್ದು.

ಫಲಕಗಳು ಚಲಿಸುವುದು ಹೇಗೆ ತಿಳಿಯಿತು?

ಜರ್ಮನಿಯ ಹವಾಮಾನ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ 1912ರಲ್ಲಿ ಖಂಡಗಳು ಅಲೆಯುತ್ತವೆ ಎಂದು ವಾದಿಸಿದರು. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಕರಾವಳಿಗಳ ಹೊಂದಾಣಿಕೆಯಷ್ಟೇ ಅವರ ಆಧಾರವಾಗಿರಲಿಲ್ಲ. ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಪಳೆಯುಳಿಕೆ ಭಾರತದಲ್ಲೂ ಆಫ್ರಿಕದಲ್ಲೂ ಆಸ್ಟ್ರೇಲಿಯದಲ್ಲೂ ಸಿಗುತ್ತದೆ, ಮತ್ತು ಇಂದು ಉಷ್ಣವಲಯದಲ್ಲಿರುವ ಭಾರತದಲ್ಲಿ ಹಳೆಯ ಹಿಮನದಿಗಳ ಗುರುತುಗಳಿವೆ. ಆದರೆ ಖಂಡಗಳನ್ನು ಸರಿಸುವ ಬಲ ಯಾವುದು ಎಂಬುದಕ್ಕೆ ಅವರ ಬಳಿ ಒಪ್ಪುವಂಥ ಉತ್ತರವಿರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವರು ತೀರಿಕೊಂಡಾಗ ಬಹುತೇಕ ಭೂವಿಜ್ಞಾನಿಗಳು ಅವರ ವಾದವನ್ನು ತಳ್ಳಿಹಾಕಿದ್ದರು.

ಸಾಗರತಳದ ಅಧ್ಯಯನ ಈ ಚಿತ್ರವನ್ನು ಬದಲಿಸಿತು. ಸಾಗರಗಳ ನಡುವಿನ ದಿಬ್ಬಗಳಲ್ಲಿ ಹೊಸ ಶಿಲೆ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆ ಎಂದು ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ 1962ರಲ್ಲಿ ಪ್ರತಿಪಾದಿಸಿದರು. ಮರುವರ್ಷ ಬ್ರಿಟನ್ನಿನ ಭೂವಿಜ್ಞಾನಿಗಳಾದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್, ದಿಬ್ಬದ ಎರಡೂ ಬದಿಯ ಶಿಲೆಗಳಲ್ಲಿ ಭೂಮಿಯ ಕಾಂತಕ್ಷೇತ್ರ ತಿರುಗುಮುರುಗಾದ ಗುರುತುಗಳು ಪಟ್ಟೆಪಟ್ಟೆಯಾಗಿ, ಸರಿಸಮನಾಗಿ ದಾಖಲಾಗಿರುವುದಕ್ಕೆ ಇದೇ ಕಾರಣವೆಂದು ವಿವರಿಸಿದರು. ಅವರು ಪರಿಶೀಲಿಸಿದ ಅಳತೆಗಳಲ್ಲಿ ಒಂದು ಭಾಗ ನಮ್ಮ ಫಲಕದ ಅಂಚಾದ ಕಾರ್ಲ್ಸ್‌ಬರ್ಗ್ ದಿಬ್ಬದ್ದೇ.

ಈಗ ಇಷ್ಟು ಸುತ್ತಿ ಬರಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಜಿಪಿಎಸ್ ಕೇಂದ್ರದ ಅಳತೆಗಳಲ್ಲಿ ಆ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ.ನಷ್ಟು ಈಶಾನ್ಯಕ್ಕೆ ಸರಿಯುತ್ತಿರುವುದು ನೇರವಾಗಿ ಕಾಣುತ್ತದೆ. ಈ ಲೆಕ್ಕದಲ್ಲಿ 1947ರಿಂದ ಈಚೆಗೆ ಇಡೀ ಬೆಂಗಳೂರು ಸುಮಾರು ನಾಲ್ಕು ಮೀಟರ್ ಸ್ಥಳಾಂತರಗೊಂಡಿದೆ.

ಅವುಗಳನ್ನು ಚಲಿಸುವ ಬಲ ಯಾವುದು?

ಮೂಲ ಕಾರಣ ಭೂಮಿಯ ಒಳಗಿನ ಶಾಖ. ಭೂಮಿ ರೂಪುಗೊಂಡಾಗ ಉಳಿದ ಶಾಖ ಸ್ವಲ್ಪ, ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣಶೀಲ ಕ್ಷಯದಿಂದ ಬರುವುದು ಸ್ವಲ್ಪ. ಮ್ಯಾಂಟಲಿನ ಹರಿವು ಫಲಕಗಳನ್ನು ಹೊತ್ತು ಸಾಗುತ್ತದೆ ಎಂದು ಹಿಂದೆ ಸರಳವಾಗಿ ಹೇಳುತ್ತಿದ್ದರು. ಈಗಿನ ತಿಳಿವಳಿಕೆಯಂತೆ ಫಲಕಗಳೇ ಆ ಚಕ್ರದ ಸಕ್ರಿಯ ಭಾಗ: ಹಳೆಯದಾಗಿ, ತಣ್ಣಗಾಗಿ, ಭಾರವಾದ ಸಾಗರತಳ ಇನ್ನೊಂದು ಫಲಕದ ಅಡಿಗೆ ಜಾರಿ ಮ್ಯಾಂಟಲಿನೊಳಗೆ ಮುಳುಗುವಾಗ ತನ್ನ ಹಿಂದಿರುವ ಫಲಕವನ್ನೆಲ್ಲ ಎಳೆದುಕೊಳ್ಳುತ್ತದೆ. ಎತ್ತರದ ಸಾಗರದಿಬ್ಬದಿಂದ ಇಳಿಜಾರಿಗೆ ಒದಗುವ ನೂಕುಬಲವೂ ಇದೆ, ಆದರೆ ಅದು ಸಣ್ಣದು.

ಶಿಲೆಗಳಲ್ಲಿ ಎಷ್ಟು ವಿಧ? ನಮ್ಮಲ್ಲಿ ಯಾವುವು ಸಿಗುತ್ತವೆ?

ಶಾಲೆಯಲ್ಲಿ ಕಲಿಸುವ ಮೂರು ವಿಧಗಳೇ ಇಂದಿಗೂ ಆಧಾರ: ಕರಗಿದ ಶಿಲಾಪಾಕ ಆರಿ ಗಟ್ಟಿಯಾದ ಅಗ್ನಿಶಿಲೆ, ಮರಳು, ಜೇಡಿ, ಸುಣ್ಣದಂಥವು ನೀರಿನಲ್ಲೋ ಗಾಳಿಯಲ್ಲೋ ಬಂದು ನೆಲೆಗೊಂಡ ಪದರಶಿಲೆ, ಮತ್ತು ಇವೆರಡೂ ಶಾಖ, ಒತ್ತಡಗಳಿಗೆ ಸಿಕ್ಕಿ ಕರಗದೆಯೇ ಬದಲಾದ ರೂಪಾಂತರ ಶಿಲೆ. ಕರ್ನಾಟಕದಲ್ಲಿ ಮೂರೂ ಇವೆ. ಯಾವುದು ಎಲ್ಲಿದೆ ಎಂಬುದನ್ನು ತಿಳಿಯಲು ಭೂವೈಜ್ಞಾನಿಕ ನಕ್ಷೆಗಿಂತ ಹಳೆಯ ಕಟ್ಟಡಗಳನ್ನು ನೋಡುವುದೇ ಸುಲಭ.

ಸಾವನದುರ್ಗ, ರಾಮನಗರಗಳ ಬೆಟ್ಟಗಳು ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ; ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಅದು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ನಿಧಾನವಾಗಿ ಆರಿದ್ದರಿಂದ ಇದರ ಹರಳುಗಳು ದೊಡ್ಡವು. ಪಾಕವನ್ನು ಅಲುಗಿಸದೆ ಬಹಳ ದಿನ ಬಿಟ್ಟರೆ ಕಲ್ಲುಸಕ್ಕರೆ ದೊಡ್ಡದಾಗಿ ಕಟ್ಟುವ ಹಾಗೆ. ಶಿಲಾಪಾಕ ಮೇಲಕ್ಕೆ ಉಕ್ಕಿ ಬೇಗ ಆರಿದರೆ ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗುತ್ತವೆ. ವಿಜಯಪುರದ ಗೋಳಗುಮ್ಮಟಕ್ಕೆ ಬಳಸಿದ ಕಪ್ಪು ಬಸಾಲ್ಟ್ ಅಂಥದ್ದು. ಹಂಪಿಯ ಉರುಟು ಬಂಡೆಗಳನ್ನು ಯಾವುದೋ ಪ್ರಳಯ ಉರುಳಿಸಿ ತಂದಿತು ಎಂದು ಮಾರ್ಗದರ್ಶಕರು ಹೇಳುವುದುಂಟು. ಅವು ಎಲ್ಲಿಂದಲೂ ಉರುಳಿ ಬಂದವಲ್ಲ. ಗ್ರಾನೈಟಿನ ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಶಿಥಿಲವಾಗಿ, ಪುಡಿಯಾದ ಮಣ್ಣು ಕೊಚ್ಚಿಹೋದ ಮೇಲೆ ನಿಂತಲ್ಲೇ ಉಳಿದ ತಿರುಳುಗಳು ಅವು.

ಬಾದಾಮಿಯ ಗುಹಾದೇವಾಲಯಗಳನ್ನು ಕೊರೆದಿರುವುದು ಮರಳುಗಲ್ಲಿನಲ್ಲಿ. ಅಲ್ಲಿನ ಬಂಡೆಯ ಮೈಮೇಲೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ಪದರಗಳು ಕಂಡರೆ ಅವು ಅಂದಿನ ಹರಿವು ಮರಳನ್ನು ಸುರಿದ ದಿಕ್ಕನ್ನು ತೋರಿಸುತ್ತವೆ. ಉತ್ತರ ಕರ್ನಾಟಕದ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣಕಲ್ಲು, ಅದೂ ಪದರಶಿಲೆಯೇ.

ಬೇಲೂರು, ಹಳೇಬೀಡುಗಳ ಬಳಪದ ಕಲ್ಲು ರೂಪಾಂತರ ಶಿಲೆ. ಮೃದುವಾದ ಖನಿಜಗಳಿರುವುದರಿಂದಲೇ ಹೊಯ್ಸಳ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು. ಅದೇ ವಿನ್ಯಾಸವನ್ನು ರಾಮನಗರದ ಗ್ರಾನೈಟಿನಲ್ಲಿ ಯಾರೂ ಯತ್ನಿಸುತ್ತಿರಲಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ರೂಪಾಂತರ ಶಿಲೆಯೇ. ಕಪ್ಪು, ಬಿಳಿ ಪಟ್ಟೆಗಳು ಹೊಸೆದುಕೊಂಡಂತಿರುವ ಈ ನೈಸ್ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು, ಮತ್ತು ದಕ್ಷಿಣ ಕರ್ನಾಟಕದ ಬಹುಭಾಗಕ್ಕೆ ತಳಪಾಯ. ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ರಾಜ್ಯದ ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಶಿಲೆಗಳು ಅನುಭವಿಸಿದ ಶಾಖ, ಒತ್ತಡಗಳು ಹೆಚ್ಚುತ್ತಾ ಹೋಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಒಂದು ಕಾಲಕ್ಕೆ ಭೂಕವಚದ ಬಹಳ ಆಳದಲ್ಲಿದ್ದ ಶಿಲೆ. ಅಂದರೆ ಹಳೆಯ ಭೂಕವಚ ಓರೆಯಾಗಿ ಎದ್ದು ಸವೆದಿರುವುದರಿಂದ, ಅದರ ಮೇಲುಭಾಗವೂ ಆಳದ ಭಾಗವೂ ಒಂದೇ ರಾಜ್ಯದ ನೆಲದ ಮೇಲೆ ನೋಡಲು ಸಿಗುತ್ತವೆ. ಜಗತ್ತಿನ ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹವನ್ನು ಹುಡುಕಿಕೊಂಡು ಬರುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಮುನ್ನೂರು ಕೋಟಿ ವರ್ಷ ಎಂದು ಅಷ್ಟು ಖಚಿತವಾಗಿ ಹೇಳುವುದು ಹೇಗೆ? ಕಾರ್ಬನ್ ಪರೀಕ್ಷೆಯೇ?

ಕಾರ್ಬನ್ ಪರೀಕ್ಷೆ ಸುಮಾರು 50,000 ವರ್ಷಗಳ ಒಳಗಿನ, ಒಮ್ಮೆ ಜೀವವಿದ್ದ ವಸ್ತುಗಳಿಗೆ ಮಾತ್ರ ಸರಿ. ಬಂಡೆಯ ವಿಷಯದಲ್ಲಿ ಅದು ನಿರುಪಯೋಗಿ. ಇಲ್ಲಿ ಕೆಲಸಕ್ಕೆ ಬರುವುದು ಜಿರ್ಕಾನ್ ಎಂಬ ಸಣ್ಣ ಹರಳು. ಅದು ರೂಪುಗೊಳ್ಳುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುತೇಕ ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ-238 ಕ್ರಮೇಣ ಸೀಸವಾಗುತ್ತದೆ ಮತ್ತು ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾಗುವ ಕಾಲ, ಸುಮಾರು 447 ಕೋಟಿ ವರ್ಷ. ಹರಳಿನೊಳಗೆ ಈಗಿರುವ ಸೀಸ ಮತ್ತು ಯುರೇನಿಯಂಗಳ ಅನುಪಾತವನ್ನು ಅಳೆದರೆ ಅದರ ಹುಟ್ಟಿನ ಕಾಲ ಸಿಗುತ್ತದೆ. ಬೇರೊಂದು ವೇಗದಲ್ಲಿ ಸೀಸವಾಗುವ ಯುರೇನಿಯಂ-235 ಕೂಡ ಅದೇ ಹರಳಿನಲ್ಲಿರುವುದರಿಂದ ಒಂದು ಲೆಕ್ಕವನ್ನು ಇನ್ನೊಂದರಿಂದ ತಾಳೆ ನೋಡಬಹುದು. ಹಾಸನ ಜಿಲ್ಲೆಯ ಗೊರೂರಿನ ನೈಸ್ 330 ಕೋಟಿ ವರ್ಷಗಳಷ್ಟು ಹಳೆಯದು ಎಂಬುದು ತಿಳಿದದ್ದು ಇಂಥ ವಿಕಿರಣಶೀಲ ಕಾಲಮಾಪನದಿಂದಲೇ. ಭೂಮಿಗೆ ಸುಮಾರು 454 ಕೋಟಿ.

ಖಂಡದ ಶಿಲೆ ಇಷ್ಟು ಹಳೆಯದಾದರೆ ಸಾಗರತಳ ಇನ್ನೂ ಹಳೆಯದಿರಬೇಕಲ್ಲವೇ?

ತದ್ವಿರುದ್ಧ. ಇಂದಿನ ಸಾಗರತಳದ ಬಹುತೇಕ ಭಾಗ 20 ಕೋಟಿ ವರ್ಷಗಳಿಗಿಂತ ಕಿರಿಯದು. ಸಾಗರತಳದ ಬಸಾಲ್ಟ್ ಭಾರವಾದದ್ದು; ತಣ್ಣಗಾದಂತೆ ಅದು ಮತ್ತೆ ಮ್ಯಾಂಟಲಿನೊಳಗೆ ಮುಳುಗಿ ಹೋಗುತ್ತದೆ. ಖಂಡದ ಗ್ರಾನೈಟ್, ನೈಸ್‌ಗಳು ಹಗುರವಾಗಿರುವುದರಿಂದ ಮುಳುಗದೆ ಮೇಲೆಯೇ ಉಳಿಯುತ್ತವೆ. ಹಾಗಿದ್ದೂ ಹಳೆಯ ಸಮುದ್ರಗಳ ಚೂರುಗಳು ಖಂಡಗಳ ನಡುವೆ ಸಿಕ್ಕಿ ಉಳಿದಿರುವುದುಂಟು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿದಂತೆ ಕಾಣುವ ಲಾವಾ ಶಿಲೆ ಇದೆ. ಲಾವಾರಸ ನೀರಿನೊಳಗೆ ಉಕ್ಕಿದಾಗ ಮಾತ್ರ ಈ ಆಕಾರ ಬರುತ್ತದೆ. ಬಯಲುಸೀಮೆಯ ಬರದ ನಾಡಿನಲ್ಲಿ 250 ಕೋಟಿ ವರ್ಷಗಳಿಗೂ ಹಿಂದೆ ನೀರು ತುಂಬಿತ್ತು ಎನ್ನುವುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಮನುಷ್ಯರು ಕೆತ್ತಿದವೇ?

ಅಲ್ಲ. ಲಾವಾರಸ ಆರಿ ಕುಗ್ಗುವಾಗ ಬಿರುಕುಗಳು ಬಹುಭುಜಾಕೃತಿಯಲ್ಲಿ ಮೂಡಿ ಒಳಕ್ಕೆ ಇಳಿಯುತ್ತವೆ. ಕಂಬಗಳು ಹಾಗೆ ಆದವು. ಪ್ರವಾಸಿಗರಿಗಾಗಿ ಹಾಕಿದ ಸೂಚನಾ ಬರಹಗಳು ಇದನ್ನು ಬಸಾಲ್ಟ್ ಎನ್ನುತ್ತವೆಯಾದರೂ ಶಿಲೆ ಹೆಚ್ಚು ಸಿಲಿಕಾ ಇರುವ ರಯೊಲೈಟ್, ಡೇಸೈಟ್ ಬಗೆಯದು. ಇದನ್ನು ದಖನ್ ಲಾವಾದ ಭಾಗವೆಂದು ಭಾವಿಸುವುದೂ ಸರಿಯಲ್ಲ. ಇದರ ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲಕ್ಕೆ ಇದು ಹೊಂದುತ್ತದೆ.

ಉತ್ತರ ಕರ್ನಾಟಕದ ಲಾವಾ ಎಲ್ಲಿಂದ ಬಂತು? ಅದು ಮತ್ತೆ ಉಕ್ಕಬಹುದೇ?

ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿರುವ ಬಸಾಲ್ಟ್ ದಖನ್ ಲಾವಾಪ್ರದೇಶದ ದಕ್ಷಿಣದ ಅಂಚು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಈ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಆವರಿಸಿದೆ. ಮ್ಯಾಂಟಲಿನ ಆಳದಿಂದ ಮೇಲೇಳುವ ಬಿಸಿ ಶಿಲೆಯ ತಾಣವೊಂದರ ಮೇಲೆ ಅಂದು ಭಾರತ ಹಾದುಹೋಗುತ್ತಿತ್ತು. ಫಲಕ ಮುಂದೆ ಬಂತು, ತಾಣ ಹಿಂದೆಯೇ ಉಳಿಯಿತು; ಅದೀಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದ್ದು ಅಲ್ಲಿನ ಜ್ವಾಲಾಮುಖಿ ಆಗಾಗ ಉಕ್ಕುತ್ತಿರುತ್ತದೆ. ಆದ್ದರಿಂದ ವಿಜಯಪುರದಲ್ಲಿ ಮತ್ತೆ ಲಾವಾ ಉಕ್ಕುವ ಭಯ ಬೇಡ. ಹತ್ತಿ, ಜೋಳ ಬೆಳೆಯುವ ಎರೆ ಮಣ್ಣು ಈ ಬಸಾಲ್ಟ್ ಶಿಥಿಲವಾಗಿ ಆದದ್ದು. ಅದೇ ಬಸಾಲ್ಟ್, ಹೆಚ್ಚು ಮಳೆಗೆ ಬಹುಕಾಲ ತೊಯ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿದ ಕಡೆ ಜಂಬಿಟ್ಟಿಗೆಯಾಗಿದೆ. ಬೀದರ್ ಕೋಟೆ ನಿಂತಿರುವುದು ಅಂಥ ಪ್ರಸ್ಥಭೂಮಿಯ ಮೇಲೆ. ಕರಾವಳಿಯ ಮುರಕಲ್ಲೂ ಇದೇ ಬಗೆಯದು, ಆದರೆ ಅಲ್ಲಿ ಅಡಿಯಲ್ಲಿರುವುದು ಹೆಚ್ಚಾಗಿ ನೈಸ್.

ಸಹ್ಯಾದ್ರಿಯೂ ಹಿಮಾಲಯದ ಹಾಗೆ ಡಿಕ್ಕಿಯಿಂದ ಎದ್ದದ್ದೇ?

ಹಿಮಾಲಯ ಎದ್ದದ್ದು ಡಿಕ್ಕಿಯಿಂದ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಾವನ್ನು ತಾಗಿದಾಗ ನಡುವಿನ ಟೆಥಿಸ್ ಸಮುದ್ರದ ತಳ ಮಡಿಚಿ ಮೇಲೆದ್ದಿತು; ಎವರೆಸ್ಟಿನ ತುದಿಯಲ್ಲಿ ಸಮುದ್ರಜೀವಿಗಳ ಉಳಿಕೆಯಿರುವ ಸುಣ್ಣಕಲ್ಲು ಇರುವುದು ಹೀಗೆ. ನೇಪಾಳದ ಗಂಡಕಿಯಿಂದ ಬಂದು ನಮ್ಮ ದೇವರ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮದ ಚಕ್ರವೂ ಆ ಸಮುದ್ರದಲ್ಲಿದ್ದ ಅಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತು.

ಸಹ್ಯಾದ್ರಿಯ ಬಗೆ ಬೇರೆ. ಅದು ಮಡಿಚಿದ ಪರ್ವತವಲ್ಲ, ಪ್ರಸ್ಥಭೂಮಿಯ ಕಡಿದಾದ ಅಂಚು. ಪಶ್ಚಿಮದ ಭೂಭಾಗಗಳು ಒಡೆದು ದೂರ ಸರಿದಾಗ ಅಂಚು ಎತ್ತರಗೊಂಡಿತು, ಮಳೆ ಮತ್ತು ಹೊಳೆಗಳು ಅದನ್ನು ಕಡಿಯುತ್ತಾ ಬಂದವು. ಘಟ್ಟವನ್ನು ಕರಾವಳಿಯಿಂದ ನೋಡಿದರೆ ಗೋಡೆ, ಮೈದಾನದ ಕಡೆಯಿಂದ ಬಂದರೆ ಏರಿದ್ದೇ ಗೊತ್ತಾಗುವುದಿಲ್ಲ. ಕಾವೇರಿ, ತುಂಗಭದ್ರೆಗಳು ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರದಲ್ಲಿ ಹುಟ್ಟಿಯೂ ಪೂರ್ವಕ್ಕೆ ಹರಿಯುವುದು ಪ್ರಸ್ಥಭೂಮಿ ಆ ಕಡೆಗೆ ವಾಲಿರುವುದರಿಂದ.

ಕರ್ನಾಟಕದಲ್ಲಿ ದೊಡ್ಡ ಭೂಕಂಪ ಆಗುವುದೇ ಇಲ್ಲವೇ?

‘ದಖನ್ ಪ್ರಸ್ಥಭೂಮಿ ಅಲುಗಾಡದು’ ಎಂಬ ಮಾತು ಒಂದು ಕಾಲಕ್ಕೆ ಚಾಲ್ತಿಯಲ್ಲಿತ್ತು. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ 6.3ರಷ್ಟು ತೀವ್ರತೆಯ ಭೂಕಂಪವಾದಾಗ ಆ ಮಾತು ಬಿದ್ದುಹೋಯಿತು. ಅಲ್ಲಿ ಹೊಸ ಜಲಾಶಯದ ನೀರು ಬಿರುಕುಗಳಿಗೆ ಇಳಿದು ಕಂಪನಕ್ಕೆ ಪ್ರೇರಣೆಯಾಯಿತೆಂದು ವಿಜ್ಞಾನಿಗಳು ಗುರುತಿಸಿದರು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಅದು ನಮ್ಮ ಬೀದರ್, ಕಲಬುರಗಿಗಳಿಗೆ ದೂರವೇನಲ್ಲ. ಹಿಮಾಲಯದಲ್ಲಿ ಫಲಕ ಒತ್ತುತ್ತಿರುವ ಬಲ ಫಲಕದ ಒಳಭಾಗಕ್ಕೂ ಹರಡುತ್ತದೆ, ಮತ್ತು ಹಳೆಯ ಶಿಲೆಯ ದುರ್ಬಲ ಬಿರುಕು ಎಂದಾದರೊಮ್ಮೆ ಜಾರುತ್ತದೆ. ಅಂಚಿನಲ್ಲಿ ಆಗುವುದಕ್ಕಿಂತ ಇದು ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದಕ್ಕೆ ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆಯ ಮನೆಗಳೂ ಮುಖ್ಯ ಕಾರಣವಾಗಿದ್ದವು. ಅಂಥ ಮನೆಗಳು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇಂದಿಗೂ ಇವೆ.

ನಮ್ಮಲ್ಲಿ ಕಲ್ಲಿದ್ದಲು ಏಕಿಲ್ಲ? ಡೈನೋಸಾರ್ ಮೂಳೆ ಸಿಗಬಹುದೇ?

ಕಲ್ಲಿದ್ದಲಾಗಲು ಕಾಡು ಬೇಕು. ನಮ್ಮ ನೈಸ್, ಗ್ರಾನೈಟ್‌ಗಳು ರೂಪುಗೊಂಡಾಗ ಭೂಮಿಯ ಮೇಲೆ ಮರವಿರಲಿ, ಹುಲ್ಲೂ ಇರಲಿಲ್ಲ; ಡೈನೋಸಾರ್‌ಗಳೂ ಬಹಳ ಆಮೇಲೆ ಬಂದವು, ಹೀಗಾಗಿ ಈ ಶಿಲೆಗಳಲ್ಲಿ ಅವುಗಳ ಮೂಳೆ ಸಿಗದು. ಶಹಾಬಾದ್ ಸುಣ್ಣಕಲ್ಲಿನಲ್ಲಿ ಕಪ್ಪೆಚಿಪ್ಪು ಹುಡುಕಿದರೂ ಇದೇ ಕಾರಣಕ್ಕೆ ಸಿಗುವುದಿಲ್ಲ. ಅದು ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕಿಂತ ಹಿಂದಿನದು. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲು ತರಿಸಿಕೊಳ್ಳಬೇಕಾಗಿದೆ. ಪ್ರತಿಯಾಗಿ, ಗಿಡಮರಗಳಿಲ್ಲದ ಆ ಕಾಲದ ಸಮುದ್ರದಲ್ಲಿ ಆಮ್ಲಜನಕ ಕಡಿಮೆಯಿದ್ದು ಕಬ್ಬಿಣ ಕರಗಿಯೇ ಇತ್ತು. ಅದು ಪಟ್ಟೆಪಟ್ಟೆಯಾಗಿ ತಳಕ್ಕೆ ಇಳಿದು ನಮಗೆ ಸಂಡೂರಿನ ಅದಿರಾಗಿ ದಕ್ಕಿದೆ.

ಚಿನ್ನ ಕೋಲಾರದಲ್ಲೇ ಏಕೆ?

ಹಳೆಯ ಲಾವಾ ಶಿಲೆ ರೂಪಾಂತರಗೊಂಡು ಆದ ಕಿರಿದಾದ ಪಟ್ಟಿಯೊಂದು ಕೋಲಾರದಲ್ಲಿ ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ಆಳದಿಂದ ಬಂದ ಬಿಸಿ ದ್ರವಗಳು ಅದರ ಬಿರುಕುಗಳಲ್ಲಿ ಏರುವಾಗ ಬೆಣಚುಕಲ್ಲಿನ ಜೊತೆಗೆ ಚಿನ್ನವನ್ನೂ ಬಿಟ್ಟುಹೋದವು. ಹಟ್ಟಿಯಲ್ಲೂ ಇದೇ ಬಗೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಹಟ್ಟಿಯಲ್ಲಿ ಗಣಿಗಾರಿಕೆ ಇಂದಿಗೂ ನಡೆಯುತ್ತಿದೆ.

ಒಂದು ಕೊಳವೆಬಾವಿಗೆ ನೀರು ಬಂದು ಪಕ್ಕದ ಜಮೀನಿನದ್ದು ಒಣಗುವುದೇಕೆ?

ಗ್ರಾನೈಟ್, ನೈಸ್‌ಗಳ ಮೈಯಲ್ಲಿ ನೀರು ನಿಲ್ಲುವ ಜಾಗವೇ ಇಲ್ಲ. ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ, ಅದರಡಿಯ ಬಿರುಕುಗಳಲ್ಲಿ. ನೆಲದೊಳಗೆ ನದಿ ಹರಿಯುತ್ತಿದೆ ಎಂಬ ನಂಬಿಕೆಗೆ ನಮ್ಮ ಗಟ್ಟಿಶಿಲೆಯ ಸೀಮೆಯಲ್ಲಿ ಆಧಾರವಿಲ್ಲ. ನಿಮ್ಮ ಕೊಳವೆ ನೀರಿರುವ ಬಿರುಕನ್ನು ಮುಟ್ಟಿದರೆ ಬಾವಿ, ಹತ್ತು ಮೀಟರ್ ಆಚೆ ಮುಟ್ಟದಿದ್ದರೆ ಬರಿಗುಂಡಿ. ಶಿಲೆಯನ್ನು ಸೀಳಿಕೊಂಡು ನಿಂತ ಕಪ್ಪುಕಲ್ಲಿನ ಡೈಕುಗಳು ಕೆಲವೆಡೆ ನೀರಿನ ಹರಿವಿಗೆ ಅಡ್ಡಗಟ್ಟುತ್ತವೆ, ಆಗ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಇಲ್ಲ. ತೆಂಗಿನಕಾಯಿ ಹಿಡಿದು ನೀರು ತೋರಿಸುವವರು ಇದನ್ನು ಕಾಣಬಲ್ಲರೆಂದು ನಂಬಲು ಕಾರಣವಿಲ್ಲ. ನೆಲಕ್ಕೆ ವಿದ್ಯುತ್ ಹಾಯಿಸಿ ಅಳೆಯುವ ವಿದ್ಯುತ್ ಪ್ರತಿರೋಧದ ಸಮೀಕ್ಷೆಯೂ ಪೂರ್ಣ ಖಾತರಿ ಕೊಡದಿದ್ದರೂ ಅದಕ್ಕೆ ಭೌತಿಕ ಆಧಾರವಿದೆ.

ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಸಾವಿರ ಅಡಿ ಮೀರಿ ಕೊರೆಯುವುದು ಸಾಮಾನ್ಯವಾಗಿದೆ. ಆಳಕ್ಕೆ ಹೋದಂತೆ ಬಿರುಕುಗಳು ಕಡಿಮೆಯಾಗುತ್ತವೆ, ಸಿಕ್ಕ ನೀರೂ ಶಿಲೆಯೊಡನೆ ಬಹುಕಾಲ ಇದ್ದದ್ದರಿಂದ ಫ್ಲೋರೈಡ್‌ನಂಥ ಅಂಶಗಳನ್ನು ಕರಗಿಸಿಕೊಂಡಿರುತ್ತದೆ. ಕುಡಿಯುವ ಮೊದಲು ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.

ಇವನ್ನೆಲ್ಲ ಹೋಗಿ ನೋಡಲು ಎಲ್ಲಿಂದ ಆರಂಭಿಸಬೇಕು?

ಲಾಲ್‌ಬಾಗಿನ ಬಂಡೆಯಿಂದ. ಅದನ್ನೂ ಮರಡಿಹಳ್ಳಿಯ ದಿಂಬು ಲಾವಾವನ್ನೂ ಸೇಂಟ್ ಮೇರೀಸ್ ದ್ವೀಪವನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಲಾಲ್‌ಬಾಗಿನ ನೈಸ್ ಪಟ್ಟೆಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಹರಳುಗಳನ್ನು ನೋಡಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರ ಸಾಕು. ಸುತ್ತಿಗೆಯನ್ನು ಮನೆಯಲ್ಲೇ ಬಿಡಿ, ಸ್ಮಾರಕಗಳಿಂದ ಚೂರನ್ನೂ ಒಡೆದು ತರುವಂತಿಲ್ಲ. ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲವಾದ್ದರಿಂದ ಆ ಪ್ರಯಾಣವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.